ಕಾಗದದ ಲೋಟ, ಪಾಲಿಥೀನ್ ಒಳಮೈ

ಬರೀ ಕಾಗದದಲ್ಲಿ ಬಿಸಿ ಚಹಾ ನಿಲ್ಲುವುದಿಲ್ಲ. ಇದು ಶಾಲೆಗೆ ಹೋಗುವ ಮಗುವಿಗೂ ಗೊತ್ತು; ಕಾಗದದ ದೋಣಿ ಮಾಡಿ ಮಳೆನೀರಿನಲ್ಲಿ ಬಿಟ್ಟವರಿಗೆಲ್ಲ ಗೊತ್ತು. ಹಾಗಿದ್ದೂ ದಿನಕ್ಕೆ ಮೂರು ಸಲ, ನಾಲ್ಕು ಸಲ ಕಾಗದದ ಲೋಟವನ್ನು ಕೈಗೆತ್ತಿಕೊಂಡು ನೆಮ್ಮದಿಯಾಗಿ ಕುಡಿಯುತ್ತೇವೆ. ಅದರ ಒಳಮೈ ಯಾಕೆ ಹೊಳೆಯುತ್ತದೆ, ಸುಡುವ ಚಹಾವನ್ನು ತಡೆದು ನಿಲ್ಲಿಸಿರುವುದು ಯಾವುದು ಎಂದು ಕೇಳುವುದಿಲ್ಲ. ಕೇಳದಿರುವುದು ಅಜ್ಞಾನದಿಂದಲ್ಲ. ಕೇಳಿದರೆ ಉತ್ತರ ಸಿಗುತ್ತದೆ; ಉತ್ತರ ಸಿಕ್ಕರೆ ಲೋಟ ತೊಳೆಯುವ ಕೆಲಸ ಮತ್ತೆ ನಮ್ಮ ಪಾಲಿಗೆ ಬರುತ್ತದೆ. ಆ ಕೆಲಸ ನಮಗೆ ಬೇಡ.

ಉತ್ತರವೇನೂ ಗುಟ್ಟಲ್ಲ. ರಟ್ಟಿನ ಮೇಲಿರುವುದು ಪಾಲಿಥೀನ್ ಲೇಪ. ಸುಮಾರು 300 ಡಿಗ್ರಿ ಶಾಖದಲ್ಲಿ ಕರಗಿಸಿದ ಪಾಲಿಥೀನನ್ನು ತೆಳುವಾಗಿ ಹರಿಸಿ, ಓಡುವ ರಟ್ಟಿನ ಸುರುಳಿಯ ಮೇಲೆ ಒತ್ತಿ ಅಂಟಿಸುತ್ತಾರೆ. ಲೋಟದ ತೂಕದಲ್ಲಿ ಅದು ನೂರಕ್ಕೆ 5ರಿಂದ 10 ಭಾಗ. ನೀರನ್ನು ತಡೆಯುವುದೂ ಅದೇ, ಲೋಟದ ಅಂಚಿಗೆ ಅಂಚು ಕೂಡಿಸುವಾಗ ಬಿಸಿಗೆ ಕರಗಿ ಬೆಸೆಯುವುದೂ ಅದೇ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಬಿಡಲಿಲ್ಲ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ಕೇಂದ್ರದ ನಿಷೇಧವೂ ಬಂತು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಲೋಟವಿತ್ತು, ಪ್ಲಾಸ್ಟಿಕ್ ಬಳಿದ ಕಾಗದದ ಲೋಟವಿರಲಿಲ್ಲ. ನಾವು ಏನು ಮಾಡಿದೆವು? ಕಣ್ಣಿಗೆ ಕಾಣುವ ಪ್ಲಾಸ್ಟಿಕ್ಕನ್ನು ಕೆಳಗಿಟ್ಟು, ಕಾಣದಂತೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಎತ್ತಿಕೊಂಡೆವು. ಪರಿಸರ ಉಳಿಸಿದೆವೆಂದು ಒಬ್ಬರ ಮುಖ ಒಬ್ಬರು ನೋಡಿ ತೃಪ್ತಿಪಟ್ಟೆವು. ಕೋವಿಡ್ ಬಂದಮೇಲಂತೂ ಸ್ಟೀಲ್ ಲೋಟವೇ ರೋಗದ ಮೂಲವೆನ್ನುವ ಹಾಗೆ ದೂರ ತಳ್ಳಿದೆವು. ಸೋಂಕಿನ ಭಯ ಹೋಗಿ ವರ್ಷಗಳಾದವು, ಬಿಸಾಡುವ ಚಟ ಮಾತ್ರ ಹೋಗಲಿಲ್ಲ.

2020ರಲ್ಲಿ ಖರಗ್‌ಪುರ ಐಐಟಿಯ ಸಂಶೋಧಕರು ಇಂಥ ಲೋಟಗಳಿಗೆ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರು ಸುರಿದು 15 ನಿಮಿಷ ಬಿಟ್ಟು ಪರೀಕ್ಷಿಸಿದರು. ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಸೇರಿದ್ದವು. ದಿನಕ್ಕೆ ಮೂರು ಲೋಟ ಕುಡಿಯುವವರ ಹೊಟ್ಟೆಗೆ 75,000. ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು, ಓದಿದೆವು. ಅದೇ ಬೆಳಿಗ್ಗೆ ಅಂಗಡಿಯ ಮುಂದೆ ನಿಂತು ಅದೇ ಲೋಟದಲ್ಲಿ ಕುಡಿದೆವು. 2024ರಲ್ಲಿ ಇಟಲಿಯ ವೈದ್ಯರು ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಗಡ್ಡೆಗಳನ್ನು ಪರೀಕ್ಷಿಸಿದ ವರದಿ ಬಂತು. 257 ಮಂದಿಯಲ್ಲಿ 150 ಮಂದಿಯ ಗಡ್ಡೆಯೊಳಗೆ ಸಿಕ್ಕಿದ್ದು ಪಾಲಿಥೀನ್. ಮುಂದಿನ ಸುಮಾರು 34 ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಅಂಥವರಲ್ಲಿ ಉಳಿದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಾಗಿತ್ತು. ಕಣಗಳಿಂದಲೇ ಹಾಗಾಯಿತೆಂದು ಆ ವೈದ್ಯರು ಹೇಳಲಿಲ್ಲ. ಆ ಪಾಲಿಥೀನ್ ಚಹಾ ಲೋಟದಿಂದಲೇ ಬಂತೆಂದು ನಾನೂ ಹೇಳುವುದಿಲ್ಲ. ಆದರೆ ಪೂರ್ತಿ ಸಾಬೀತಾಗುವವರೆಗೆ ಕುಡಿಯುತ್ತಲೇ ಇರೋಣ ಎನ್ನುವ ನಮ್ಮ ಧೋರಣೆಗೆ ಏನು ಹೇಳಬೇಕು? ಮಗುವಿನ ಬಾಯಿಗೆ ಕೊಡುವ ಹಾಲಿನ ವಿಷಯದಲ್ಲಿ ಯಾವ ತಾಯಿ ತಂದೆ ಹೀಗೆ ವಾದಿಸುತ್ತಾರೆ? ಆದರೆ ಅದೇ ಮಗುವಿನ ಹುಟ್ಟುಹಬ್ಬಕ್ಕೆ ನೂರರ ಲೆಕ್ಕದಲ್ಲಿ ಪೇಪರ್ ಕಪ್ಪು ತರುವವರೂ ಅವರೇ.

ಕಾಗದಕ್ಕೆ, ಬಟ್ಟೆಗೆ, ಮರಕ್ಕೆ ಮೇಲ್ಮೈ ಕಟ್ಟುವುದು ನಮಗೆ ಪೇಟೆಯಿಂದ ಬಂದ ವಿದ್ಯೆಯಲ್ಲ. ಕನ್ನಡ ನಾಡಿನ ವರ್ತಕರು, ಶಾನುಭೋಗರು, ಮಠಗಳು ಶತಮಾನಗಳ ಕಾಲ ಲೆಕ್ಕ ಬರೆದದ್ದು ಕಡತದಲ್ಲಿ. ಹತ್ತಿಯ ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಮೈಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಈ ಪುಸ್ತಕವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಯ ಆಕರಗಳು. ಹುಣಸೆಬೀಜದೊಳಗಿನ ಆ ಅಂಟು ಪದಾರ್ಥ ಇಂದಿನ ವಿಜ್ಞಾನದ ಲೆಕ್ಕದಲ್ಲಿ ಒಂದು ಪಾಲಿಮರ್: ಸಕ್ಕರೆಯ ಕಣಗಳು ಸರಪಣಿಯಾಗಿ ಕೂಡಿದ ದೊಡ್ಡ ಅಣು. ಮಣ್ಣಿಗೆ ಬಿದ್ದರೆ ಮಣ್ಣಿನ ಜೀವಿಗಳು ಅದನ್ನು ತಿಂದು ಮುಗಿಸುತ್ತವೆ. ಕಿನ್ನಾಳದ ಚಿತ್ರಗಾರರು ಗೊಂಬೆಯ ಮೈ ತೀಡಲು ಅದೇ ಅಂಟಿನಲ್ಲಿ ಮರದ ಹೊಟ್ಟು ಕಲಸಿದರು. ಚನ್ನಪಟ್ಟಣದವರು ತಿರುಗಣೆಯ ಮೇಲೆ ಸುತ್ತುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಉಜ್ಜಾಟದ ಬಿಸಿಗೇ ಅದು ಕರಗಿ ಹಿಡಿಯುವಂತೆ ಮಾಡಿ, ಗರಿಯಿಂದ ತಿಕ್ಕಿ ಹೊಳಪು ತಂದರು. ಮಗು ಆ ಗೊಂಬೆಯನ್ನು ಬಾಯಿಗಿಟ್ಟರೂ ಭಯವಿರಲಿಲ್ಲ. ನೇಕಾರರು ಹಾಸುನೂಲಿಗೆ ಗಂಜಿ ಹಾಕಿದರು. ಕೈಕಾಗದ ಮಾಡುವವರು ಹಾಳೆಗೆ ಗಂಜಿ ಬಳಿದು ನುಣ್ಣನೆಯ ಕಲ್ಲಿನಿಂದ ತೀಡಿದರು. ಮಸಿ ಹರಡದೆ ನಿಂತಿತು.

ಇವರಲ್ಲಿ ಯಾರಿಗೂ ಪಾಲಿಮರ್ ವಿಜ್ಞಾನದ ಪದವಿ ಇರಲಿಲ್ಲ. ಒಂದು ವಸ್ತುವಿಗೆ ಏನನ್ನು ಬಳಿಯಬೇಕು, ಬಳಿದದ್ದು ಎಷ್ಟು ಕಾಲ ನಿಲ್ಲಬೇಕು ಎಂಬ ವಿವೇಕವಿತ್ತು. ನಮ್ಮಲ್ಲಿ ಪದವಿಗಳಿವೆ, ಪ್ರಯೋಗಾಲಯಗಳಿವೆ, 1950ರಿಂದ ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆಯೇ ಇದೆ. ಹತ್ತು ನಿಮಿಷದ ಚಹಾಕ್ಕೆ ನೂರಾರು ವರ್ಷ ಸಾಯದ ಲೇಪವನ್ನು ಬಳಿಯುವುದು ಅವಿವೇಕವೆಂದು ಹೇಳಲು ಇಷ್ಟೆಲ್ಲ ಬೇಕಿತ್ತೇ?

ಹಳೆಯದನ್ನೆಲ್ಲ ಹೊಗಳುವುದು ನನ್ನ ಉದ್ದೇಶವಲ್ಲ. ಗಾಜಿನ ಲೋಟ, ಸ್ಟೀಲ್ ಲೋಟಗಳ ಕಾಲವೇ ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ನಾಚಿಕೆಗೇಡಿನ ಕಾಲವೂ ಆಗಿತ್ತು. ಬಿಸಾಡುವ ಲೋಟ ಬಂದಾಗ ಆ ಭೇದ ಹೋಯಿತೆಂದು ಕೆಲವರು ಸಮಾಧಾನಪಟ್ಟರು. ಭೇದ ಹೋಗಲಿಲ್ಲ, ಕಾಣದಂತಾಯಿತು ಅಷ್ಟೆ. ಇನ್ನೊಬ್ಬನು ಕುಡಿದ ಲೋಟವನ್ನು ತೊಳೆದು ಅದರಲ್ಲೇ ಕುಡಿಯುವ ಮನಸ್ಸು ಬಾರದ ಸಮಾಜಕ್ಕೆ ಪಾಲಿಥೀನ್ ಲೇಪ ಒಳ್ಳೆಯ ಮರೆಯನ್ನು ಒದಗಿಸಿತು. ಈ ಮಾತು ಕಹಿ. ಆದರೂ ಬಿಸಾಡುವ ಲೋಟದ ಮೇಲಿನ ನಮ್ಮ ಮೋಹದಲ್ಲಿ ಈ ಹಳೆಯ ಕೊಳೆಯ ಪಾಲೂ ಇದೆ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು.

ಕಾಗದಕ್ಕೆ ತಪ್ಪು ಪದಾರ್ಥ ಸೇರಿಸಿ ಬೆಲೆ ತೆರುವುದು ನಮಗೆ ಇದು ಮೊದಲ ಸಲವೂ ಅಲ್ಲ. 1807ರಲ್ಲಿ ಜರ್ಮನಿಯ ಮೊರಿಟ್ಜ್ ಇಲ್ಲಿಗ್ ಕಾಗದಕ್ಕೆ ಮಸಿ ಹೀರದ ಗುಣ ಕೊಡಲು ರಾಳ ಮತ್ತು ಪಟಿಕದ ವಿಧಾನವನ್ನು ಪ್ರಕಟಿಸಿದ. ಅಗ್ಗ, ಸುಲಭ, ಯಂತ್ರಕ್ಕೆ ಒಗ್ಗುವಂಥದ್ದು. ಜಗತ್ತಿನ ಕಾರ್ಖಾನೆಗಳು ಅದನ್ನೇ ಹಿಡಿದವು. ಪಟಿಕ ತೇವದಲ್ಲಿ ಆಮ್ಲವಾಗುತ್ತದೆ, ಆಮ್ಲ ಕಾಗದದ ನಾರನ್ನು ಒಳಗಿನಿಂದ ಕಡಿಯುತ್ತದೆ. ನೂರು ವರ್ಷ ಹಿಂದಿನ ಅನೇಕ ಕನ್ನಡ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ತೆರೆದರೆ ಹಾಳೆ ಕಂದಿ, ಬೆರಳು ತಾಗಿದಲ್ಲಿ ಪುಡಿಯಾಗುವುದು ಬಹುಮಟ್ಟಿಗೆ ಇದರಿಂದ. ಅದಕ್ಕಿಂತ ಹಳೆಯ, ಗಂಜಿ ಬಳಿದ ಕೈಕಾಗದ ಇನ್ನೂ ಗಟ್ಟಿಯಾಗಿರುತ್ತದೆ. ಅಗ್ಗವೆಂದು ಒಂದು ತಲೆಮಾರು ಆರಿಸಿಕೊಂಡದ್ದಕ್ಕೆ ಮುಂದಿನ ತಲೆಮಾರುಗಳು ಪುಸ್ತಕಗಳನ್ನೇ ಕಳೆದುಕೊಂಡವು. ಆಗ ಸೇರಿಸಿದ ಪದಾರ್ಥ ವಸ್ತುವನ್ನು ಕೊಂದಿತು. ಈಗ ವಸ್ತು ಕೊಳೆತುಹೋದರೂ ಲೇಪ ಉಳಿಯುತ್ತದೆ. ಎರಡರಲ್ಲೂ ಅಪರಾಧ ಒಂದೇ: ನಾಳೆಯ ಲೆಕ್ಕ ಹಾಕದೆ ಇಂದಿನ ಅಗ್ಗಕ್ಕೆ ಕೈ ಒಡ್ಡಿದ್ದು.

ಹಾಗಾದರೆ ಬೇರೆ ದಾರಿ ಇಲ್ಲವೇ ಎಂದು ಕೇಳುವವರು ತಮ್ಮ ಮಕ್ಕಳ ನೋಟ್‌ಬುಕ್ಕನ್ನು ತೆರೆಯಲಿ. ಅದರ ಹಾಳೆಯ ಮೇಲೆ ಪೆನ್ನಿನ ಮಸಿ ಹರಡದಿರುವುದರಲ್ಲಿ ಪಿಷ್ಟದ ದೊಡ್ಡ ಪಾಲಿದೆ. ಕಾಗದ ಬಹುಮಟ್ಟಿಗೆ ಒಣಗಿದ ಹಂತದಲ್ಲಿ ಎರಡು ಉರುಳೆಗಳ ನಡುವೆ ಹಾದುಹೋಗುವಾಗ, ಮೆಕ್ಕೆಜೋಳದ ಅಥವಾ ಮರಗೆಣಸಿನ ಪಿಷ್ಟವನ್ನು ಬೇಯಿಸಿ ತೆಳು ಮಾಡಿದ ಗಂಜಿಯನ್ನು ಎರಡೂ ಮೈಗೆ ಹಿಡಿಸುತ್ತಾರೆ. ಕಾರ್ಖಾನೆಯವರ ಮಾತಿನಲ್ಲಿ ಇದು ಸರ್ಫೇಸ್ ಸೈಜಿಂಗ್. ರಂಧ್ರಗಳು ಮುಚ್ಚುತ್ತವೆ, ಹಾಳೆ ಬಿಗಿಯಾಗುತ್ತದೆ, ದೂಳು ಉದುರುವುದಿಲ್ಲ. ಹಾವೇರಿ, ದಾವಣಗೆರೆ ಸೀಮೆಯ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳವೇ ಇದಕ್ಕೆ ಸಾಕು. ಹುಣಸೆಬೀಜದ ಪುಡಿ 1940ರ ದಶಕದಿಂದ ದೇಶದ ಸೆಣಬು ಮತ್ತು ಹತ್ತಿ ಗಿರಣಿಗಳಲ್ಲಿ ನೂಲಿಗೆ ಗಂಜಿಯಾಗಿ ಬಳಕೆಯಲ್ಲಿದೆ. ತುಮಕೂರಿನ ಹುಣಸೆ ಪೇಟೆಯಲ್ಲಿ ಹಣ್ಣಿನಿಂದ ಬೇರ್ಪಟ್ಟ ಬೀಜಕ್ಕೆ ಬರವಿಲ್ಲ. ಮಂಗಳೂರು, ಮಲ್ಪೆಯ ದಕ್ಕೆಗಳಿಗೆ ಬಂದಿಳಿಯುವ ಸಿಗಡಿಯ ಚಿಪ್ಪಿನಿಂದ ಕೈಟೊಸಾನ್ ತೆಗೆಯಬಹುದು, ಅದು ಎಣ್ಣೆಯನ್ನು ತಡೆಯುತ್ತದೆ. ಅರಗಿನ ಸಂಶೋಧನೆಗೆಂದೇ 1924ರಲ್ಲಿ ರಾಂಚಿಯ ಬಳಿ ಸಂಸ್ಥೆ ಹುಟ್ಟಿತು. ಗುಳಿಗೆಗಳಿಗೆ, ಮಿಠಾಯಿಗಳಿಗೆ ಇಂದಿಗೂ ಅರಗಿನ ಲೇಪವಿದೆ.

ಇವೆಲ್ಲ ಸುಲಭವೆಂದು ನಾನು ಹೇಳುತ್ತಿಲ್ಲ. ಪಿಷ್ಟ ಎಣ್ಣೆಯನ್ನು ತಡೆದರೂ ನೀರಿಗೆ ಸೋಲುತ್ತದೆ. ಅದಕ್ಕೆ ನೀರು ತಡೆಯುವ ಗುಣ ಬರಲೆಂದು ಕಾರ್ಖಾನೆಗಳು ಸ್ಟೈರೀನ್‌ನಿಂದ ಮಾಡಿದಂಥ ಪೆಟ್ರೋಲಿಯಂ ಮೂಲದ ಪಾಲಿಮರುಗಳನ್ನು ಅದೇ ಗಂಜಿಗೆ ಬೆರೆಸುತ್ತವೆ. ಅರಗು ಬಿಸಿ ಚಹಾಕ್ಕೆ ಮೆತ್ತಗಾಗುತ್ತದೆ. ಪಿಷ್ಟಕ್ಕೆ ಲೋಟದ ಅಂಚನ್ನು ಬಿಸಿಯಲ್ಲಿ ಬೆಸೆಯುವ ಶಕ್ತಿಯಿಲ್ಲ. ನೀರಿನಲ್ಲಿ ಕದಡಿದ ಪಾಲಿಮರನ್ನು ಬಳಿಯುವ ಹೊಸ ಲೇಪಗಳು ಬೆಸೆಯುತ್ತವೆ, ಪಾಲಿಥೀನ್ ಪೊರೆಗಿಂತ ಸುಲಭವಾಗಿ ಕಾಗದದ ತಿರುಳಿನಿಂದ ಬೇರಾಗುತ್ತವೆ, ಆದರೆ ಬೆಲೆ ಹೆಚ್ಚು. ಕಷ್ಟ ಇರುವುದು ನಿಜ. ಆದರೆ ಕಷ್ಟವಿದೆಯೆಂದು ಕೈಕಟ್ಟಿ ಕೂರುವುದಕ್ಕೂ ಕಷ್ಟವನ್ನು ಬಿಡಿಸಲು ದುಡಿಯುವುದಕ್ಕೂ ಅಜಗಜಾಂತರ. ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯನ್ನು ಕಟ್ಟಿದ ನಾಡು ಇದು. ಬಿದಿರಿನಿಂದ ಕಾಗದ ಮಾಡಬಹುದೆಂದು ನಂಬಿ ಸಾರ್ವಜನಿಕ ಹಣ ಹಾಕಿದ ಆ ಕಾಲದ ಛಲ ಈಗ ಎಲ್ಲಿದೆ? ಆ ಕಾರ್ಖಾನೆಯ ಯಂತ್ರಗಳು ನಿಂತು ದಶಕವಾಯಿತು. ಅದು ನಿಂತಾಗ ನಾವು ಕೇಳಿದ್ದು ನೌಕರರ ಬಾಕಿಯ ಮಾತು, ಜಮೀನಿನ ಮಾತು. ಅಲ್ಲಿ ಪ್ಲಾಸ್ಟಿಕ್ ಇಲ್ಲದ ಲೇಪದ ಕಾಗದವನ್ನು ಮಾಡಿ ನೋಡಬಹುದಲ್ಲವೇ ಎಂದು ಕೇಳುವ ದನಿ ಎಲ್ಲೂ ಏಳಲಿಲ್ಲ.

ಇನ್ನು ಮುದ್ರೆ ನೋಡಿ ಸಮಾಧಾನಪಡುವವರ ವಿಷಯ. ಮೆಕ್ಕೆಜೋಳ, ಕಬ್ಬಿನ ಸಕ್ಕರೆಯನ್ನು ಹುಳಿಯಿಸಿ ಮಾಡುವ ಪಿಎಲ್‌ಎ ಎಂಬ ಪಾಲಿಮರ್ ಬಳಿದ ಲೋಟಗಳು ಈಗ ಸಿಗುತ್ತವೆ. ಮೇಲೆ ಎಲೆಯ ಚಿತ್ರ, ಕಾಂಪೋಸ್ಟ್ ಆಗುತ್ತದೆಂಬ ಭರವಸೆ. ಅದು ಗೊಬ್ಬರವಾಗುತ್ತದೆ, ನಿಜ. 58 ಡಿಗ್ರಿಯಷ್ಟು ಶಾಖವನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ಗೊಬ್ಬರದ ಘಟಕದಲ್ಲಿ. ನಮ್ಮ ರಸ್ತೆ ಬದಿಯ ತಿಪ್ಪೆ, ರಾಜಕಾಲುವೆ, ಕೆರೆಯ ಅಂಚು ಅಂಥ ಜಾಗಗಳಲ್ಲ. ಲೋಟವನ್ನು ಕೊಂಡ ಹೋಟೆಲಿನವನಿಗೂ ಅದರಲ್ಲಿ ಕುಡಿದು ಚರಂಡಿಗೆ ಎಸೆದ ನಮಗೂ ಈ ಶರತ್ತು ಬೇಡ. ಎಲೆಯ ಚಿತ್ರ ಮಾತ್ರ ಬೇಕು. ಹೆಚ್ಚು ಬೆಲೆ ಕೊಟ್ಟು ಪಾಪ ಕಳೆದುಕೊಂಡೆವೆಂದು ತಿಳಿಯುವುದು, ಏನೂ ಮಾಡದೆ ಇರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿಗೆ ಪ್ರಶ್ನೆ ನಿಂತುಹೋಗುತ್ತದೆ.

ಜಿಡ್ಡು ಹಿಡಿಯದ ಕಾಗದದ ಕಥೆ ಇನ್ನೂ ಘೋರ. ಕರಿದ ತಿಂಡಿಯ ಎಣ್ಣೆ ಹೀರದಿರಲೆಂದು ಕಾಗದಕ್ಕೆ ಫ್ಲೋರಿನ್ ಸಂಯುಕ್ತಗಳನ್ನು ಲೇಪಿಸುವ ಪದ್ಧತಿ ಪಶ್ಚಿಮದಲ್ಲಿ ದಶಕಗಳ ಕಾಲ ನಡೆಯಿತು. ಆ ಸಂಯುಕ್ತಗಳಲ್ಲಿ ಫ್ಲೋರಿನ್ನಿನ ಬಂಧ ಮಣ್ಣಿನಲ್ಲೂ ಮುರಿಯದು, ಮೈಯಲ್ಲೂ ಮುರಿಯದು. ಡೆನ್ಮಾರ್ಕ್ 2020ರಲ್ಲಿ ಆಹಾರದ ಕಾಗದದಿಂದ ಅವನ್ನು ನಿಷೇಧಿಸಿತು. ಈ ವರ್ಗದ ಪಿಎಫ್‌ಒಎ ಎಂಬ ಸಂಯುಕ್ತ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಸಾರಿತು. ಅಮೆರಿಕದಲ್ಲಿ 2024ರ ಹೊತ್ತಿಗೆ ಅಂಥ ಲೇಪಗಳ ಮಾರಾಟ ನಿಂತಿತು. ಬಜ್ಜಿ ಬೋಂಡ ಕಟ್ಟಿಸಿಕೊಳ್ಳುವಾಗ, ಬರ್ಗರಿನ ಪೊಟ್ಟಣ ಬಿಚ್ಚುವಾಗ ಈ ಕಾಗದದ ಮೇಲೆ ಏನು ಬಳಿದಿದೆ ಎಂದು ಅಂಗಡಿಯವರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು 2018ರ ಆಹಾರ ಪ್ಯಾಕೇಜಿಂಗ್ ನಿಯಮವೇ ಹೇಳುತ್ತದೆ. ಮುದ್ರಣದ ಮಸಿ ಎಣ್ಣೆಗೆ ಹತ್ತಿಕೊಂಡ ವಡೆಯನ್ನು ಈಗಲೂ ಕೈಚಾಚಿ ತೆಗೆದುಕೊಳ್ಳುತ್ತೇವೆ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಪರಿಶೀಲಿಸಿದಾಗ ಹಲವು ಹೋಟೆಲುಗಳಲ್ಲಿ ಇಡ್ಲಿ ಬೇಯುವ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿದ್ದು ಕಂಡಿತು. ಒಂದು ಒದ್ದೆ ಬಟ್ಟೆಯನ್ನು ಒಗೆದು ಒಣಗಿಸುವ ಶ್ರಮವೂ ಭಾರವಾಯಿತೆಂದರೆ ನಾವು ಎಲ್ಲಿಗೆ ಇಳಿದಿದ್ದೇವೆ?

ಈಗ ಮನೆಯ ಸಮಾರಂಭಗಳಿಗೆ ಬನ್ನಿ, ಏಕೆಂದರೆ ಇಲ್ಲಿ ಕಾರ್ಖಾನೆಯನ್ನೋ ಸರ್ಕಾರವನ್ನೋ ದೂರಲು ಬರುವುದಿಲ್ಲ. ಮುತ್ತುಗದ ಎಲೆಯನ್ನು ಹಂಚಿಕಡ್ಡಿಯಿಂದ ಹಚ್ಚಿ ಊಟದೆಲೆ ಮಾಡಿದ ಊರುಗಳಿವು. ಬಾಳೆಲೆಗೆ ಪ್ರಕೃತಿಯೇ ಮೇಣ ಬಳಿದಿದೆ. ಬಿಸಿ ಅನ್ನ, ಸಾರು, ತುಪ್ಪ ಯಾವುದಕ್ಕೂ ಅದು ಸೋಲದು. ಅಡಿಕೆ ಹಾಳೆಗೆ ಲೇಪವೇ ಬೇಡ. ನಾಮಕರಣಕ್ಕೆ, ಗೃಹಪ್ರವೇಶಕ್ಕೆ, ತಿಥಿಗೆ ಊರವರ ಮನೆಗಳಿಂದ ಸ್ಟೀಲ್ ಲೋಟ ಕೂಡಿಸಿ, ಗುರುತಿಗೆ ಹೆಸರು ಕೆತ್ತಿಸಿದ ಲೋಟಗಳನ್ನು ಎಣಿಸಿ ಹಿಂದಿರುಗಿಸಿದ ಹೆಂಗಸರ ತಲೆಮಾರು ಇನ್ನೂ ಬದುಕಿದೆ. ಆ ದುಡಿಮೆಯೆಲ್ಲ ಹೆಂಗಸರ ತಲೆಯ ಮೇಲೆ ಬಿದ್ದಿತ್ತು ಎಂಬುದೂ ಸತ್ಯ. ಅದಕ್ಕೆ ಪರಿಹಾರ ಗಂಡಸರೂ ಲೋಟ ತೊಳೆಯುವುದಾಗಿತ್ತು, ಇಲ್ಲವೇ ತೊಳೆಯುವವರಿಗೆ ನ್ಯಾಯವಾದ ಕೂಲಿ ಕೊಡುವುದಾಗಿತ್ತು. ನಾವು ಆರಿಸಿಕೊಂಡದ್ದು ಮೂರನೆಯ ದಾರಿಯನ್ನು: ತೊಳೆಯುವ ಕೆಲಸವನ್ನೇ ಅಳಿಸಿ, ಕಸ ಎತ್ತುವ ಕೆಲಸವನ್ನು ಪೌರಕಾರ್ಮಿಕರ ಮೇಲೆ ಹೇರಿದ್ದು. ಲಕ್ಷಗಟ್ಟಲೆ ಖರ್ಚು ಮಾಡಿ ಹೂವಿನ ಮಂಟಪ ಕಟ್ಟಿಸುವವರು, ಲೋಟದ ಮಾತು ಬಂದಾಗ ಬೆಲೆ ಹೆಚ್ಚಾಯಿತು ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಛತ್ರದ ಹಿಂದೆ ಪಾಯಸ ಮೆತ್ತಿದ ಲೋಟಗಳ ರಾಶಿಯ ನಡುವೆ ಬರಿಗೈಯಲ್ಲಿ ನಿಲ್ಲುವವರು ಯಾರೆಂದು ಅವರಿಗೆ ಗೊತ್ತಿದೆ. ಗೊತ್ತಿದ್ದೂ ತಿರುಗಿ ನೋಡುವುದಿಲ್ಲ.

ಆ ಲೋಟಗಳು ಕಾಗದದ ಗಿರಣಿಗೆ ಮರಳುವುದು ಅಪರೂಪ. ಪಾಲಿಥೀನ್ ಪೊರೆಯನ್ನು ನಾರಿನಿಂದ ಬಿಡಿಸಲು ವಿಶೇಷ ಯಂತ್ರ ಬೇಕು, ಎಂಜಲು ಮೆತ್ತಿದ ಲೋಟವನ್ನು ಗುಜರಿಯವರೂ ಮುಟ್ಟುವುದಿಲ್ಲ. ಹೀಗಾಗಿ ಅವು ಸುರಿಯುವ ಜಾಗಕ್ಕೆ ಹೋಗುತ್ತವೆ, ಇಲ್ಲವೇ ಬೆಳಗಿನ ಜಾವ ಬೀದಿಯ ಮೂಲೆಯಲ್ಲಿ ಸುಡುತ್ತವೆ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನ ಜನ ಬಾವಿಯ ನೀರು ಕೆಟ್ಟು, ನೊಣ ನಾತದಲ್ಲಿ ಬೆಂದು ಬೀದಿಗಿಳಿದದ್ದನ್ನು ನಾವು ಟಿವಿಯಲ್ಲಿ ನೋಡಿದೆವು. ಮಂಡೂರಿಗೆ ಕಸ ಹೋಗುವುದು 2014ರ ಕೊನೆಗೆ ನಿಂತಿತು. ಕಸ ನಿಲ್ಲಲಿಲ್ಲ, ಬೇರೆ ಹಳ್ಳಿಯ ಸರದಿ ಬಂತು. ಆ ಹಳ್ಳಿಯ ಮಗು ಕುಡಿಯುವ ನೀರಿಗೂ ನಮ್ಮ ಎರಡು ಗುಟುಕಿನ ಚಹಾಕ್ಕೂ ಸಂಬಂಧವಿಲ್ಲವೆಂದು ನಟಿಸುವುದಕ್ಕೆ ಯಾವ ಹಕ್ಕೂ ನಮಗಿಲ್ಲ.

ನೆರೆಯ ತಮಿಳುನಾಡು 2019ರ ಜನವರಿ 1ರಿಂದ ಪ್ಲಾಸ್ಟಿಕ್ ಲೇಪದ ಕಾಗದದ ಲೋಟ, ತಟ್ಟೆಗಳನ್ನು ಹೆಸರು ಹೇಳಿಯೇ ನಿಷೇಧಿಸಿತು. ತಯಾರಕರು ನ್ಯಾಯಾಲಯಕ್ಕೆ ಹೋದರು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಲೋಟದ ಮೇಲಿನ ಆ ನಿಷೇಧವನ್ನು ಎತ್ತಿಹಿಡಿಯಿತು. ಕಾನೂನಿನ ದಾರಿ ಇಷ್ಟು ಸ್ಪಷ್ಟವಾಗಿರುವಾಗ ನಮ್ಮ ಶಾಸಕರ ಬಾಯಿ ಯಾಕೆ ಕಟ್ಟಿದೆ? ಅವರನ್ನು ಕೇಳುವ ನಮ್ಮ ಬಾಯಿ ಯಾಕೆ ಕಟ್ಟಿದೆ? ಪಠ್ಯಪುಸ್ತಕದಲ್ಲಿ ಪರಿಸರದ ಪಾಠ ಓದಿಸುವ ಶಾಲೆಯ ವಾರ್ಷಿಕೋತ್ಸವದಲ್ಲಿ ಅದೇ ಲೋಟ, ಪರಿಸರ ದಿನದ ಸಭೆಯಲ್ಲಿ ಅತಿಥಿಗಳಿಗೆ ಅದೇ ಲೋಟ, ಸರ್ಕಾರಿ ಕಚೇರಿಯ ಮೇಜಿನ ಮೇಲೂ ಅದೇ ಲೋಟ.

ಲೇಪದ ಪಾಲಿಮರ್ ಬದಲಾಗಬೇಕಾದದ್ದು ಕಾರ್ಖಾನೆಯಲ್ಲಿ. ಆದರೆ ನಾವು ಈಗಿನದನ್ನು ಕೊಳ್ಳುತ್ತಿರುವವರೆಗೆ ಯಾವ ಕಾರ್ಖಾನೆಯೂ ಬದಲಾಗುವುದಿಲ್ಲ. ಮುಂದಿನ ಶುಭಕಾರ್ಯಕ್ಕೆ ಅಡುಗೆಯವರೊಡನೆ ಮಾತಾಡುವಾಗ ಸ್ಟೀಲ್ ಲೋಟ ತರಲು ಹೇಳಿ, ತೊಳೆಯುವವರ ಕೂಲಿಯನ್ನು ಲೆಕ್ಕಕ್ಕೆ ಸೇರಿಸಿ. ಚಹಾ ಅಂಗಡಿಯಲ್ಲಿ ಗಾಜಿನ ಲೋಟ ಕೇಳಿ. ಇಲ್ಲವೆಂದರೆ ಕುಡಿಯದೆ ಬನ್ನಿ.